ಆರು ಸಾವಿರದಲ್ಲಿ ಆಫೀಸ್ ಬಟ್ಟೆ: ಹೊಲಿಸೋದಾ, ರೆಡಿಮೇಡ್ ತಗೊಳ್ಳೋದಾ?

ಹೊಸ ಕೆಲಸದ ಹುಡುಗಿ (ದಾವಣಗೆರೆ):

ಎಲ್ಲರಿಗೂ ನಮಸ್ಕಾರ. ಬಿ.ಕಾಂ. ಮುಗಿಸಿ ಎರಡು ತಿಂಗಳ ಹಿಂದೆ ಪಿ.ಜೆ. ಬಡಾವಣೆಯ ಒಂದು ಆಡಿಟರ್ ಆಫೀಸಿಗೆ ಕೆಲಸಕ್ಕೆ ಸೇರಿದ್ದೇನೆ. ಸಂಬಳ 16,000. ಅದರಲ್ಲಿ ಹತ್ತು ಸಾವಿರ ಮನೆಗೆ ಕೊಡುತ್ತೇನೆ. ಅಪ್ಪ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಾರೆ, ತಮ್ಮ ಇನ್ನೂ ಡಿಪ್ಲೊಮಾ ಓದುತ್ತಿದ್ದಾನೆ.

ಕೆಲಸಕ್ಕೆ ಸೇರುವ ಮೊದಲು ಒಂದು ಅಂಗಡಿಯ ಸೇಲ್‌ನಲ್ಲಿ 1,500 ರೂಪಾಯಿಗೆ ಐದು ಕುರ್ತಾ ತಂದಿದ್ದೆ. ಎಲ್ಲಾ ರೇಯಾನ್. ನೋಡೋಕೆ ಚೆನ್ನಾಗಿಯೇ ಇದ್ದವು. ಮೂರನೇ ಒಗೆತಕ್ಕೆ ಒಂದರ ಬಣ್ಣ ಬಿಳಿ ಪ್ಯಾಂಟಿಗೆ ಹತ್ತಿತು. ಇನ್ನೊಂದರ ಪಕ್ಕದ ಹೊಲಿಗೆ ತಿರುಚಿಕೊಂಡು ಹೊಟ್ಟೆ ಮೇಲೆ ಬಂದು ಕೂತಿದೆ. ಕಳೆದ ವಾರ ಮೇಲಿನ ಕಪಾಟಿನಿಂದ ಫೈಲ್ ಇಳಿಸುವಾಗ ಮೂರನೆಯದು ಕಂಕುಳ ಹತ್ತಿರ ಪರ್ ಅಂತ ಹರಿಯಿತು. ಎದುರಿಗೇ ಇಬ್ಬರು ಕ್ಲೈಂಟ್ ಕೂತಿದ್ದರು. ದುಪಟ್ಟಾ ಹೊದ್ದುಕೊಂಡು ಸಂಜೆವರೆಗೂ ಕೈ ಎತ್ತದೆ ಕೆಲಸ ಮಾಡಿದೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಈಗ ಕೈಯಲ್ಲಿ 6,000 ಇದೆ. ವಾರಕ್ಕೆ ಆರು ದಿನ ಕೆಲಸ. ಇನ್ನೊಂದು ತಿಂಗಳಿಗೆ ನಮ್ಮೂರ ಬಿಸಿಲು ಶುರುವಾಗುತ್ತದೆ, ಮಾರ್ಚ್ ಕೊನೆಗೆ ಆಫೀಸಿನಲ್ಲಿ ಕೆಲಸವೂ ಜಾಸ್ತಿ. ಅಮ್ಮನ ಎರಡು ಒಳ್ಳೆ ಕಾಟನ್ ಸೀರೆ ಇವೆ, ನನಗೆ ಕುಪ್ಪಸ ಇಲ್ಲ. ಇಷ್ಟು ದುಡ್ಡಿನಲ್ಲಿ ಮೊದಲು ಏನು ತಗೊಳ್ಳಲಿ? ಬಟ್ಟೆ ತಗೊಂಡು ಹೊಲಿಸೋದು ಒಳ್ಳೆಯದಾ, ರೆಡಿಮೇಡ್ ಒಳ್ಳೆಯದಾ? ಮತ್ತೆ ಮೋಸ ಹೋಗಬಾರದು, ಅಷ್ಟೇ.

ಹರಿಹರದ ಅಕ್ಕ:

ತಂಗೀ, ಹರಿದದ್ದಕ್ಕೆ ನಾಚಿಕೆ ಪಡಬೇಡ. ಎಲ್ಲರಿಗೂ ಆಗುವಂಥದ್ದೇ.

ನಾನು ಹದಿನೇಳು ವರ್ಷದಿಂದ ಹರಿಹರದಿಂದ ದಾವಣಗೆರೆಗೆ ಬಸ್ಸಿನಲ್ಲಿ ಓಡಾಡುತ್ತಿದ್ದೇನೆ, ಸರ್ಕಾರಿ ಕಚೇರಿ ಕೆಲಸ. ನನ್ನ ಅನುಭವದಲ್ಲಿ ಮೊದಲು ತಗೊಳ್ಳಬೇಕಾದದ್ದು ಕುರ್ತಾ ಅಲ್ಲ, ಪ್ಯಾಂಟು. ಎರಡು ಸಾಕು. ಒಂದು ಕಡುನೀಲಿ, ಒಂದು ಬೂದು. ಕಪ್ಪು ಬೇಡ, ನಮ್ಮ ರಸ್ತೆಯ ಧೂಳು ಕಪ್ಪಿನ ಮೇಲೆ ಎದ್ದು ಕಾಣುತ್ತದೆ. ಬಿಳಿ, ಕ್ರೀಂ ಬಸ್ಸಿನ ಸೀಟಿಗೆ ಆಗಿಬರುವುದಿಲ್ಲ. ಆಮೇಲೆ ಈ ಎರಡಕ್ಕೂ ಹೊಂದುವ ಹಾಗೆ ಮೂರು ಕುರ್ತಾ ತಗೊಂಡರೆ ಸೋಮವಾರದಿಂದ ಶನಿವಾರದವರೆಗೆ ಆರು ಜೋಡಿ ಆಯಿತಲ್ವಾ?

ಅಮ್ಮನ ಸೀರೆಗೆ ಖಂಡಿತ ಕುಪ್ಪಸ ಹೊಲಿಸು. ದೊಡ್ಡ ಕ್ಲೈಂಟ್ ಬರುವ ದಿನ ಗಂಜಿ ಹಾಕಿದ ಕಾಟನ್ ಸೀರೆ ಉಟ್ಟರೆ ಬೇರೆ ಏನೂ ಬೇಡ. ಅಂಗಡಿಯ ಸ್ಟಾರ್ಚ್ ಪುಡಿ ಬೇಕಾಗಿಲ್ಲ. ಅನ್ನ ಬಸಿದ ಗಂಜಿಯನ್ನು ತೆಳು ಬಟ್ಟೆಯಲ್ಲಿ ಸೋಸಿ, ಅದಕ್ಕೆ ನಾಲ್ಕರಷ್ಟು ನೀರು ಬೆರೆಸು. ಸೋಸದೆ ಹಾಕಿದರೆ ಅಗುಳು ಸೀರೆಗೆ ಅಂಟಿ ಕಲೆಯ ಹಾಗೆ ಒಣಗುತ್ತದೆ. ನೆರಳಲ್ಲಿ ಹರವು. ಇನ್ನೂ ಸ್ವಲ್ಪ ತೇವ ಇರುವಾಗಲೇ ಇಸ್ತ್ರಿ ಮಾಡು, ಪೂರ್ತಿ ಒಣಗಿದ ಮೇಲೆ ಎಷ್ಟು ಉಜ್ಜಿದರೂ ಸುಕ್ಕು ಹೋಗುವುದಿಲ್ಲ. ನನ್ನ ಮೊದಲ ಸಂಬಳದ ಇಳಕಲ್ ಸೀರೆ ಇವತ್ತಿಗೂ ಉಡುತ್ತೇನೆ. ಮೊಳಕಾಲ್ಮೂರು ರೇಷ್ಮೆ ಸೀರೆಯೂ ಒಂದಿದೆ, ಆದರೆ ಅದನ್ನು ಆಫೀಸಿಗೆ ಉಡುವುದಿಲ್ಲ. ಬೆವರಿಗೆ ರೇಷ್ಮೆ ಹಾಳಾಗುತ್ತದೆ.

ಹೊಲಿಸೋದಾ ರೆಡಿಮೇಡಾ ಅನ್ನೋದನ್ನು ಗೊತ್ತಿದ್ದವರು ಹೇಳಲಿ.

ಕತ್ತರಿ ಹಿಡಿದವನು:

ಆ ಪರ್ ಅನ್ನೋ ಮಾತು ಓದಿ ಸುಮ್ಮನಿರಲು ಆಗಲಿಲ್ಲ. ನಾನು ಇದೇ ಊರಲ್ಲಿ ಮೂವತ್ತೊಂದು ವರ್ಷದಿಂದ ಟೈಲರ್. ನನ್ನ ಮಗಳ ವಯಸ್ಸಿನವಳು ನೀನು, ಏಕವಚನದಲ್ಲಿ ಬರೆಯುತ್ತೇನೆ, ತಪ್ಪು ತಿಳಿಯಬೇಡಮ್ಮ.

ಅಂಗಡಿಯಲ್ಲಿ ಬಟ್ಟೆ ಕೈಗೆ ಕೊಟ್ಟ ಕೂಡಲೇ ಒಳಗಿನ ಮಗ್ಗಲು ತಿರುಗಿಸಿ ನೋಡು. ಹೊರಗೆ ಬಣ್ಣ, ಕಸೂತಿ ಎಲ್ಲಾ ಇರುತ್ತದೆ. ಬಾಳಿಕೆ ಇರೋದು ಒಳಗಡೆ. ನಿನ್ನ ಹರಿದ ಕುರ್ತಾವನ್ನೇ ತಿರುಗಿಸಿ ನೋಡು. ಹೊಲಿಗೆಯಿಂದ ಆಚೆ ಬಟ್ಟೆ ಎಷ್ಟು ಉಳಿದಿದೆ? ಬೆರಳಿನ ಉಗುರಿನಷ್ಟೂ ಇರಲಿಕ್ಕಿಲ್ಲ. ಬರೀ ಓವರ್‌ಲಾಕ್, ಅಂದರೆ ಅಂಚಿನ ಎಳೆ ಬಿಚ್ಚದ ಹಾಗೆ ಸುತ್ತುವ ಹೊಲಿಗೆ, ಓಡಿಸಿ ಬಿಟ್ಟಿರುತ್ತಾರೆ. ಸ್ಕೇಲ್ ಇಟ್ಟು ಒಂದು ಇಂಚಿಗೆ ಎಷ್ಟು ಹೊಲಿಗೆ ಬಿದ್ದಿದೆ ಎಣಿಸು. ನಾವು ಹತ್ತರಿಂದ ಹನ್ನೆರಡು ಹಾಕುತ್ತೇವೆ. ಅದರಲ್ಲಿ ಆರೋ ಏಳೋ ಇದ್ದರೆ ಹರಿಯದೆ ಇನ್ನೇನಾಗುತ್ತದೆ? ಅದರ ಮೇಲೆ ರೇಯಾನ್ ಬೇರೆ. ಒಣಗಿದ್ದಾಗ ಮೆತ್ತಗೆ ಚೆನ್ನಾಗಿರುತ್ತದೆ, ಒದ್ದೆಯಾದಾಗ ಅದರ ಬಲ ತುಂಬಾ ಕುಗ್ಗುತ್ತದೆ. ಅದನ್ನು ಕಲ್ಲಿನ ಮೇಲೆ ಕುಕ್ಕಿ ಹಿಂಡಿದರೆ ಎಳೆ ಅಲ್ಲೇ ಸೋತಿರುತ್ತದೆ. ನೀನು ಕೈ ಎತ್ತಿದಾಗ ಹರಿದದ್ದು ಕಾಣಿಸಿತು ಅಷ್ಟೇ.

ಪಕ್ಕದ ಹೊಲಿಗೆ ಹೊಟ್ಟೆ ಮೇಲೆ ಬಂತು ಅಂದೆಯಲ್ಲ, ಅದು ನೀನು ಒಗೆದ ತಪ್ಪಲ್ಲ, ಕತ್ತರಿಸಿದವರ ತಪ್ಪು. ಬಟ್ಟೆಯಲ್ಲಿ ಹಾಸು, ಹೊಕ್ಕು ಅಂತ ಎರಡು ಎಳೆ. ಹಾಸು ಮೇಲಿಂದ ಕೆಳಕ್ಕೆ ನೇರವಾಗಿ ಇಳಿಯಬೇಕು. ಬಟ್ಟೆ ಉಳಿಸಲು ತುಂಡುಗಳನ್ನು ಓರೆಯಾಗಿ ಇಟ್ಟು ಕತ್ತರಿಸಿದರೆ, ಒಗೆದಾಗ ಎಳೆ ತನ್ನ ದಾರಿಗೆ ತಾನು ಎಳೆಯುತ್ತದೆ. ಇಸ್ತ್ರಿ ಮಾಡಿ ಸರಿಪಡಿಸಲು ಆಗುವುದಿಲ್ಲ.

ನನ್ನ ತಂದೆ ಇಲ್ಲಿನ ಕಾಟನ್ ಮಿಲ್ಲಿನಲ್ಲಿದ್ದರು. ಆಗ ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತಲೇ ಹೆಸರು. ಶಿಫ್ಟ್ ಮುಗಿಸಿ ಬಂದರೆ ಹುಬ್ಬಿನ ಮೇಲೂ ಹತ್ತಿಯ ನಾರು ಇರುತ್ತಿತ್ತು. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡೋದನ್ನು ಅವರೇ ನನಗೆ ಕಲಿಸಿದ್ದು. ಎಳೆ ಒಂದೇ ಸಮ ಇದ್ದರೆ ಒಳ್ಳೆ ಬಟ್ಟೆ. ಅಲ್ಲಲ್ಲಿ ದಪ್ಪ ಎಳೆ, ಅಲ್ಲಲ್ಲಿ ಸಂದು ಕಂಡರೆ ಬಿಟ್ಟುಬಿಡು. ಆಮೇಲೆ ಎರಡೂ ಕೈಯಲ್ಲಿ ಹಿಡಿದು ಬಟ್ಟೆಗೆ ಬಟ್ಟೆ ತಿಕ್ಕು. ಬಿಳಿ ಪುಡಿ ಉದುರಿದರೆ ಗಂಜಿ ಕುಡಿಸಿ ದಪ್ಪ ಮಾಡಿದ್ದಾರೆ ಅಂತ ಅರ್ಥ. ಎರಡು ಒಗೆತಕ್ಕೆ ಜಾಳುಜಾಳಾಗುತ್ತದೆ. ಕರ್ಚೀಫಿನ ಮೂಲೆ ಒದ್ದೆ ಮಾಡಿ ಒಂದು ಕಡೆ ಉಜ್ಜು. ಬಣ್ಣ ಹತ್ತಿದರೆ ಮನೆಯಲ್ಲೂ ಹತ್ತುತ್ತದೆ. ಕಾಟನ್ ಹೌದೋ ಅಲ್ಲವೋ ಅನುಮಾನ ಬಂದರೆ ಅಂಚಿನಿಂದ ನಾಲ್ಕು ಎಳೆ ಕಿತ್ತು ಮನೆಗೆ ತಂದು ಸುಡು. ಕಾಟನ್ ಕಾಗದ ಸುಟ್ಟ ವಾಸನೆ ಕೊಟ್ಟು ಮೆತ್ತನೆ ಬೂದಿಯಾಗುತ್ತದೆ. ಪಾಲಿಸ್ಟರ್ ಕರಗಿ ಗಟ್ಟಿ ಮಣಿ ಆಗುತ್ತದೆ. ರೇಯಾನ್ ಕೂಡ ಕಾಗದದ ಹಾಗೇ ಉರಿಯುತ್ತದೆ, ಆದ್ದರಿಂದ ಅದನ್ನು ಹೀಗೆ ಕಂಡುಹಿಡಿಯಲು ಆಗುವುದಿಲ್ಲ. ಅದಕ್ಕೆ ಕೈಯಲ್ಲಿ ಹಿಡಿದು ಅಭ್ಯಾಸ ಬೇಕು, ಜೋಲುವ ಹಾಗೆ ತಣ್ಣಗೆ ಇಳಿಯುತ್ತದೆ.

ನಿನ್ನ ಆರು ಸಾವಿರಕ್ಕೆ ನಾನು ಹೊಲಿಸು ಅಂತಲೇ ಹೇಳುತ್ತೇನೆ. ನಾನು ಟೈಲರ್ ಅಂತ ಹೇಳುತ್ತಿಲ್ಲ. ದಿನಾ ಹಾಕುವ ಬಟ್ಟೆ ಮೈಗೆ ಕೂತರೆ ಮಾತ್ರ ಬಾಳಿಕೆ ಬರುತ್ತದೆ. ಎಲ್ಲಿ ಎಳೆಯುತ್ತದೋ ಅಲ್ಲೇ ಹರಿಯುತ್ತದೆ. 44 ಇಂಚು ಅಗಲದ ಬಟ್ಟೆ ಆದರೆ ತೋಳಿರುವ ಕುರ್ತಾಕ್ಕೆ ಎರಡೂವರೆ ಮೀಟರ್, ಪ್ಯಾಂಟಿಗೆ ಎರಡು ಮೀಟರ್ ಬೇಕು. ಮೀಟರಿಗೆ ಇನ್ನೂರರ ಆಸುಪಾಸಿನಲ್ಲಿ ಒಳ್ಳೆ ಕಾಟನ್ ಸಿಗುತ್ತದೆ. ಕುರ್ತಾದ ಹೊಲಿಗೆ ಕೂಲಿ ನಮ್ಮಲ್ಲಿ 350, ಪ್ಯಾಂಟಿಗೆ 220. ಒಂದು ಕುರ್ತಾ ಎಂಟು ನೂರೈವತ್ತಕ್ಕೆ ಮುಗಿಯುತ್ತದೆ.

ಹೊಲಿಯಲು ಕೊಡುವ ಮೊದಲು ಬಟ್ಟೆಯನ್ನು ಒಂದು ರಾತ್ರಿ ನೀರಲ್ಲಿ ನೆನೆಹಾಕಿ ಒಣಗಿಸಿ ಕೊಡು. ಕಾಟನ್ ಮೊದಲ ನೀರಿಗೇ ಕುಗ್ಗುತ್ತದೆ. ಕುಗ್ಗೋದು ಹೊಲಿಯುವ ಮೊದಲೇ ಆಗಿಹೋಗಲಿ. ನನ್ನ ಹತ್ತಿರ ಬರುವ ಹತ್ತು ಜನರಲ್ಲಿ ಒಂಬತ್ತು ಜನ ಇದನ್ನು ಮಾಡುವುದಿಲ್ಲ, ಆಮೇಲೆ ಅಳತೆ ತಪ್ಪಿತು ಅಂತ ನನ್ನ ಮೇಲೆ ಸಿಟ್ಟಾಗುತ್ತಾರೆ. ನೋವಾಗುತ್ತದೆ.

ಟೈಲರ್ ಹತ್ತಿರ ಹೋದಾಗ ಈ ಮಾತುಗಳನ್ನು ಬಾಯಿಬಿಟ್ಟು ಹೇಳು. ಎರಡೂ ಪಕ್ಕ ಒಂದೊಂದು ಇಂಚು ಬಟ್ಟೆ ಒಳಗೆ ಬಿಡಿ ಅನ್ನು. ನಾಳೆ ಮೈ ಬಂದರೆ ಬಿಚ್ಚಿ ಹಾಕಬಹುದು. ಕಂಕುಳಲ್ಲಿ ಎರಡು ಸಲ ಹೊಲಿಗೆ ಓಡಿಸಿ ಅನ್ನು. ಅಳತೆ ಕೊಡುವಾಗ ನೆಟ್ಟಗೆ ನಿಂತು ಉಸಿರು ಬಿಗಿ ಹಿಡಿಯಬೇಡ, ಕಪಾಟಿನಿಂದ ಫೈಲ್ ತೆಗೆಯುವ ಹಾಗೆ ಕೈ ಎತ್ತಿ ತೋರಿಸು. ಕುರ್ಚಿಯಲ್ಲಿ ಕೂತು ತೋರಿಸು. ಬಲಗಡೆ ಪಕ್ಕದ ಹೊಲಿಗೆಯಲ್ಲಿ ಒಂದು ಜೇಬು ಇಡಿಸಿಕೊ, ಮೂವತ್ತು ರೂಪಾಯಿ ಜಾಸ್ತಿ ಆಗಬಹುದು. ಹೆಣ್ಣುಮಕ್ಕಳ ಬಟ್ಟೆಗೆ ಜೇಬು ಬೇಕಾ ಅಂತ ಕೇಳುವ ಟೈಲರ್ ಇದ್ದರೆ ಹೌದು ಬೇಕು ಅನ್ನು.

ಇನ್ನೊಂದು. ಕೊಡೋದಾದರೆ ಈ ವಾರವೇ ಕೊಡು. ಯುಗಾದಿ ಹತ್ತಿರ ಬಂದರೆ ಯಾರ ಕೈಯಲ್ಲೂ ಬಿಡುವಿರುವುದಿಲ್ಲ, ಅವಸರದಲ್ಲಿ ಹೊಲಿದದ್ದು ಅವಸರದ ಹಾಗೇ ಇರುತ್ತದೆ. ಮೂರನ್ನೂ ಒಟ್ಟಿಗೆ ಕೊಡಬೇಡ. ಒಂದು ಕೊಟ್ಟು, ಹಾಕಿಕೊಂಡು ಎರಡು ದಿನ ಓಡಾಡಿ, ಎಲ್ಲಿ ಸರಿಯಿಲ್ಲ ನೋಡಿ ಉಳಿದದ್ದು ಕೊಡು. ಹಳೆಯ ಐದರಲ್ಲಿ ಇನ್ನೂ ಹರಿಯದವು ಇದ್ದರೆ ಅವಕ್ಕೂ ಕಂಕುಳಲ್ಲಿ ಇನ್ನೊಂದು ಹೊಲಿಗೆ ಹಾಕಿಸು. ಮನೆಯಲ್ಲಿ ಉಡಲು ಆಗುತ್ತವೆ.

ದುರ್ಗದ ಮೇಷ್ಟ್ರು:

ಮಾಸ್ಟರ್, ನಾನು ಚಿತ್ರದುರ್ಗದ ಒಂದು ಖಾಸಗಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ನನ್ನ ಕಷ್ಟವೂ ಅದೇ. ಸಿದ್ಧ ಶರ್ಟಿನ ಕಾಲರ್ ಆರು ತಿಂಗಳಿಗೆ ಗುಳ್ಳೆ ಬಂದ ಹಾಗೆ ಉಬ್ಬುತ್ತದೆ. ಪ್ಯಾಂಟು ಕೂತಲ್ಲಿ ಮಿಂಚುತ್ತದೆ. ಗಂಡಸರಿಗೆ ಎಷ್ಟು ಬಟ್ಟೆ ಬೇಕು ಅಂತ ಹೇಳುತ್ತೀರಾ?

ಹುಡುಗಿಗೆ ನನ್ನದೊಂದು ಮಾತು: ಎಲ್ಲವನ್ನೂ ಹೊಲಿಸಬೇಕಾಗಿಲ್ಲ. ಸ್ವೆಟರ್, ಒಳ್ಳೆ ಜಾಕೆಟ್ ಥರದ್ದನ್ನು ಆಷಾಢದ ಸೇಲ್‌ವರೆಗೆ ಕಾದು ರೆಡಿಮೇಡ್ ತಗೊಳ್ಳಿ. ಆಗ ಮದುವೆ ಇರುವುದಿಲ್ಲ, ಅಂಗಡಿಯವರು ನಿಜವಾಗಿಯೂ ಬೆಲೆ ಇಳಿಸುತ್ತಾರೆ. ಖಾದಿ ಇಷ್ಟವಿದ್ದರೆ ಗಾಂಧಿ ಜಯಂತಿ ಹೊತ್ತಿಗೆ ಖಾದಿ ಭಂಡಾರಗಳಲ್ಲಿ ರಿಯಾಯಿತಿ ಇರುತ್ತದೆ. ನಾನು ಪ್ರತಿ ವರ್ಷ ಅಲ್ಲಿಂದಲೇ ಒಂದು ಶರ್ಟ್ ಪೀಸ್ ತರುತ್ತೇನೆ.

ಕತ್ತರಿ ಹಿಡಿದವನು:

ಮೇಷ್ಟ್ರೇ, 58 ಇಂಚು ಅಗಲದ ಬಟ್ಟೆ ಆದರೆ ತುಂಬುತೋಳಿನ ಶರ್ಟಿಗೆ 1.60 ಮೀಟರ್, 36 ಇಂಚು ಆದರೆ ಎರಡೂಕಾಲು ಮೀಟರ್. ಪ್ಯಾಂಟಿಗೆ 58 ಇಂಚಿನಲ್ಲಿ 1.20 ರಿಂದ 1.30. ನೀವು ಎತ್ತರದವರಾದರೆ ಸ್ವಲ್ಪ ಜಾಸ್ತಿ ಬೇಕಾಗುತ್ತದೆ.

ಕಾಲರ್ ಉಬ್ಬುವುದು ಗಟ್ಟಿಯಾಗಿ ನಿಲ್ಲಲು ಒಳಗೆ ಅಂಟಿಸಿದ ಕ್ಯಾನ್ವಾಸ್ ಬಟ್ಟೆ ಬಿಟ್ಟುಕೊಂಡಾಗ. ಅಂಟು ಕಳಪೆ ಇರುತ್ತದೆ, ಇಲ್ಲಾ ಸರಿಯಾದ ಬಿಸಿಯಲ್ಲಿ ಒತ್ತಿರುವುದಿಲ್ಲ. ಕಾಲರಿನ ಮಡಿಕೆ ಮಾತ್ರ ಸವೆದಿದ್ದರೆ ಶರ್ಟ್ ಬಿಸಾಡಬೇಡಿ. ಕಾಲರ್ ಬಿಚ್ಚಿ ಒಳಮಗ್ಗಲು ಮೇಲೆ ಮಾಡಿ ಹೊಲಿದರೆ ಇನ್ನೊಂದು ಎರಡು ವರ್ಷ ಬರುತ್ತದೆ. ಮೊದಲೆಲ್ಲಾ ಬ್ಯಾಂಕಿನವರು, ಮೇಷ್ಟ್ರುಗಳು ಇದಕ್ಕಂತಲೇ ನಮ್ಮ ಹತ್ತಿರ ಬರುತ್ತಿದ್ದರು.

ಪ್ಯಾಂಟ್ ಮಿಂಚುವುದು ನೇರವಾಗಿ ಬಿಸಿ ಇಸ್ತ್ರಿ ಉಜ್ಜುವುದರಿಂದಲೂ ಹೌದು. ತಿರುಗಿಸಿ ಒಳಗಡೆಯಿಂದ ಇಸ್ತ್ರಿ ಮಾಡಿಸಿ, ಹೊರಗಡೆ ಮಾಡಲೇಬೇಕಾದರೆ ಮೇಲೆ ಒಂದು ಒದ್ದೆ ಬಟ್ಟೆ ಹಾಸಿ. ಹೊಲಿಸುವಾಗ ಸೊಂಟದ ಹಿಂದಿನ ಹೊಲಿಗೆಯಲ್ಲಿ ಎರಡು ಇಂಚು ಬಟ್ಟೆ ಒಳಗೆ ಬಿಡಿಸಿಕೊಳ್ಳಿ.

ಕಟ್‌ಪೀಸ್ ಅಂಗಡಿಯಲ್ಲಿದ್ದವನು:

ದಾವಣಗೆರೆಯ ಚೌಕಿಪೇಟೆ, ಕಾಳಿಕಾದೇವಿ ರಸ್ತೆ ಕಡೆ ಓಡಾಡುವವರಿಗೆ ಒಂದು ಮಾತು. ದೊಡ್ಡ ತಾನಿನ (ಸುತ್ತಿಟ್ಟ ಇಡೀ ಬಟ್ಟೆಯ) ಕೊನೆಯಲ್ಲಿ ಉಳಿದ ತುಂಡುಗಳು ಕಟ್‌ಪೀಸ್ ಆಗಿ ಬರುತ್ತವೆ. ಬಟ್ಟೆ ಅದೇ, ಬೆಲೆ ಕಡಿಮೆ. ಆದರೆ ತುಂಡಿನ ಉದ್ದ ಅಷ್ಟೇ ಅಲ್ಲ, ಅಗಲವನ್ನೂ ಟೇಪ್ ಹಿಡಿದು ಅಳೆಯಿರಿ. ಪೂರ್ತಿ ಬಿಡಿಸಿ ಎಣ್ಣೆ ಕಲೆ, ತೂತು ನೋಡಿ. ಒಮ್ಮೆ ತಗೊಂಡರೆ ಬದಲಾಯಿಸಿ ಕೊಡುವುದಿಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ಹೋಗಿ, ಸಂಜೆ ಟ್ಯೂಬ್‌ಲೈಟಿನಲ್ಲಿ ಕಡುನೀಲಿ ಯಾವುದು ಕಪ್ಪು ಯಾವುದು ಗೊತ್ತಾಗುವುದಿಲ್ಲ.

ಹೊಸ ಕೆಲಸದ ಹುಡುಗಿ:

ಮಾಸ್ಟರ್, ಅಕ್ಕಾ, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹರಿದ ಕುರ್ತಾ ತಿರುಗಿಸಿ ಎಣಿಸಿದೆ. ಇಂಚಿಗೆ ಆರು ಹೊಲಿಗೆ. ಇಷ್ಟು ದಿನ ನಾನೇ ಒರಟಾಗಿ ಒಗೆದೆ ಅಂದುಕೊಂಡಿದ್ದೆ.

ಒಂದು ಅನುಮಾನ. ಬಣ್ಣ ಬಿಡದ ಹಾಗೆ ಉಪ್ಪು ನೀರಲ್ಲಿ ನೆನೆಹಾಕು ಅಂತ ಅಮ್ಮ ಹೇಳುತ್ತಾರೆ. ಅದು ಸರಿನಾ?

ಕತ್ತರಿ ಹಿಡಿದವನು:

ನಮ್ಮ ಮನೆಯಲ್ಲೂ ಹಾಕುತ್ತಾರೆ. ಆದರೆ ಬಣ್ಣ ಕಚ್ಚಿಕೊಳ್ಳಬೇಕಾದದ್ದು ಬಣ್ಣ ಹಾಕುವಾಗಲೇ. ಅಲ್ಲಿ ಸರಿಯಾಗಿ ಕಚ್ಚದಿದ್ದರೆ ಆಮೇಲೆ ಉಪ್ಪು ಹಾಕಿ ನಿಲ್ಲಿಸಲು ಆಗುವುದಿಲ್ಲ. ಮೊದಲ ಮೂರು ನಾಲ್ಕು ಸಲ ಬೇರೆಯಾಗಿ ತಣ್ಣೀರಲ್ಲಿ ಒಗೆ, ನೀರು ತಿಳಿಯಾಗುವವರೆಗೆ ಬೇರೆ ಬಟ್ಟೆ ಜೊತೆ ಹಾಕಬೇಡ. ತಿರುಗಿಸಿ ನೆರಳಲ್ಲಿ ಒಣಗಿಸು. ಬೆವರಿದ ಬಟ್ಟೆಯನ್ನು ಮುದ್ದೆ ಮಾಡಿ ಎರಡು ದಿನ ಇಡಬೇಡ. ಬಂದ ಕೂಡಲೇ ನೀರಲ್ಲಿ ಅದ್ದಿ ಹಾಕು, ಸೋಪು ಬೇಕಂತಿಲ್ಲ. ಅಮ್ಮನಿಗೆ ಎದುರು ಮಾತಾಡಬೇಡ.

ಹೊಸ ಕೆಲಸದ ಹುಡುಗಿ (ಐದು ವಾರದ ನಂತರ):

ಎಲ್ಲಾ ಆಯಿತು, ಲೆಕ್ಕ ಬರೆಯುತ್ತೇನೆ. ಆಡಿಟರ್ ಆಫೀಸಿನವಳು, ಬರೆಯದಿದ್ದರೆ ಸಮಾಧಾನ ಇಲ್ಲ.

ಮೂರು ಕುರ್ತಾಕ್ಕೆ ಏಳೂವರೆ ಮೀಟರ್, ಮೀಟರಿಗೆ 210 ರಂತೆ 1,575. ಹೊಲಿಗೆ 1,050. ಎರಡು ಪ್ಯಾಂಟಿನ ಬಟ್ಟೆ 760, ಹೊಲಿಗೆ 440. ಜೇಬಿಗೆ 90. ಎಲ್ಲದಕ್ಕೂ ಹೊಂದುವ ಒಂದು ದುಪಟ್ಟಾ 240. ಅಮ್ಮನ ಸೀರೆಗೆ ಲೈನಿಂಗ್ ಹಾಕಿದ ಕುಪ್ಪಸ 450. ಚಪ್ಪಲಿ 850, ಹಿಂದೆ ಪಟ್ಟಿ ಇರುವಂಥದ್ದು. ಒಟ್ಟು 5,455. ಉಳಿದದ್ದು 545.

ಬಟ್ಟೆ ನೋಡಲು ಭಾನುವಾರ ಬೆಳಿಗ್ಗೆ ಅಪ್ಪನ ಜೊತೆ ಹೋಗಿದ್ದೆ. ನಾನು ಬಟ್ಟೆಯನ್ನು ಬಾಗಿಲ ಬೆಳಕಿಗೆ ಹಿಡಿದಾಗ ಅಂಗಡಿಯವರು ಮೊದಲು ತೋರಿಸುತ್ತಿದ್ದ ತಾನನ್ನು ಸುತ್ತಿ ಇಟ್ಟು, ಮೇಲಿನ ಅಟ್ಟದಿಂದ ಬೇರೆ ತಂದರು. ಅಪ್ಪ ಏನೂ ಮಾತಾಡಲಿಲ್ಲ. ಆಚೆ ಬಂದ ಮೇಲೆ ಎಲ್ಲಿ ಕಲಿತೆ ಇದನ್ನ ಅಂತ ಕೇಳಿದರು. ನಿಮ್ಮ ತಂದೆಯವರ ವಿಷಯ ಹೇಳಿದೆ, ಮಾಸ್ಟರ್.

ಮೊದಲ ಕುರ್ತಾ ತೋಳಲ್ಲಿ ಸ್ವಲ್ಪ ಬಿಗಿ ಇತ್ತು. ಒಂದನ್ನೇ ಕೊಟ್ಟಿದ್ದು ಒಳ್ಳೆಯದಾಯಿತು, ಒಳಗೆ ಬಿಟ್ಟಿದ್ದ ಬಟ್ಟೆಯಲ್ಲಿ ಅರ್ಧ ಇಂಚು ಬಿಚ್ಚಿಕೊಟ್ಟರು. ಉಳಿದ ಎರಡೂ ಸರಿಯಾಗಿ ಬಂದಿವೆ. ಮಾರ್ಚ್ 31ಕ್ಕೆ ರಾತ್ರಿ ಒಂಬತ್ತೂವರೆವರೆಗೆ ಆಫೀಸಿನಲ್ಲಿದ್ದೆ. ಕ್ಲೈಂಟ್‌ಗಳ ಡಿಜಿಟಲ್ ಸಹಿಯ ಟೋಕನ್ನುಗಳನ್ನು (ಪೆನ್‌ಡ್ರೈವ್ ಥರ ಇರುತ್ತವೆ) ಪ್ರತಿ ಸಲ ಹುಡುಕುವುದೇ ನಮ್ಮಲ್ಲಿ ದೊಡ್ಡ ಕೆಲಸ. ಅವತ್ತು ಅವೆಲ್ಲಾ ನನ್ನ ಜೇಬಿನಲ್ಲಿದ್ದವು. ನಮ್ಮ ಸೀನಿಯರ್ ಮೇಡಂ ಜೇಬು ನೋಡಿ, ಟೈಲರ್ ಯಾರು ಅಂತ ಕೇಳಿ ಬರೆದುಕೊಂಡರು.

ಉಳಿದ 545 ರಲ್ಲಿ ಅಮ್ಮನಿಗೆ ಒಂದು ಕುಪ್ಪಸ ಹೊಲಿಸಬೇಕು. ಎರಡನೇ ಸೀರೆಯ ಜೊತೆಗಿನ ಕುಪ್ಪಸದ ಬಟ್ಟೆ ಹತ್ತು ವರ್ಷದಿಂದ ಟ್ರಂಕಿನಲ್ಲಿದೆ. ಮಡಿಕೆ ಇದ್ದಲ್ಲಿ ಗೆರೆಯ ಹಾಗೆ ಬಣ್ಣ ಮಾಸಿದೆ. ಹೊಲಿಸಬಹುದಾ?

ಕತ್ತರಿ ಹಿಡಿದವನು:

ಮೊದಲು ಆ ಮಡಿಕೆಯನ್ನು ಎರಡೂ ಕಡೆ ಹಿಡಿದು ಮೆಲ್ಲಗೆ ಎಳೆದು ನೋಡು. ಎಳೆ ಬಿಟ್ಟುಕೊಂಡರೆ ಹೊಲಿಸಬೇಡ. ಗಟ್ಟಿ ಇದ್ದರೆ, ಮಾಸಿದ ಗೆರೆ ಕಂಕುಳ ಕೆಳಗೋ ಒಳಗೆ ಬಿಡುವ ಬಟ್ಟೆಯಲ್ಲೋ ಬರುವ ಹಾಗೆ ಇಟ್ಟು ಕತ್ತರಿಸಲು ಹೇಳು, ಹೊರಗೆ ಕಾಣುವುದಿಲ್ಲ. ಲೈನಿಂಗ್ ಹಾಕಿಸಲೇಬೇಕು. ಅಮ್ಮನ ಅಳತೆ ಹಳೆಯ ಕುಪ್ಪಸದಿಂದ ತೆಗೆಸಬೇಡ, ಅವರನ್ನೇ ಕರೆದುಕೊಂಡು ಹೋಗು.